ಭವ್ಯಾಳ ಎದೆಬಡಿತಕ್ಕೆ ನನ್ನ ಓಟ

ಸೆಪ್ಟೆಂಬರ್ 9, ಮಂಗಳವಾರ

ಮತ್ತೆ ಅದೇ. ಎದ್ದೆ, ಬಾಳೆಹಣ್ಣು, ಗ್ರೌಂಡ್. ಕೋಚ್ ಭರಮಣ್ಣ ಸರ್ ಎದೆಬಡಿತ ಅಳೆಯಲು ಎದೆಗೆ ಕಟ್ಟುವ ಬೆಲ್ಟ್ ಕೊಟ್ಟರು. ಹುಡುಗಿಯರು ಬಾತ್‌ರೂಮಿಗೆ ಹೋಗಿ ಟೀಶರ್ಟ್ ಒಳಗೆ ಕಟ್ಟಿಕೊಂಡು ಬರುತ್ತೇವೆ. ಸರ್ ನೋಡುವುದಿಲ್ಲ, ಕೇಳುವುದೂ ಇಲ್ಲ. ಅವರ ಕಣ್ಣು ಬೆಲ್ಟಿನ ಗೆರೆ ಮೂಡುವ ಮೊಬೈಲ್ ಮೇಲೆ.

ಇನ್ನೂರು ಮೀಟರಿಗೊಂದು ವಿಸಿಲ್, ಪ್ರತಿ ವಿಸಿಲ್‌ಗೂ ಸ್ಪೀಡ್ ಹೆಚ್ಚು. ಹಾರ್ಟ್‌ರೇಟ್ ಗೆರೆ ನೇರ ಏರಿ ಒಂದು ಕಡೆ ಬಾಗಬೇಕು. ಬಾಗಿದ ಜಾಗವೇ ಥ್ರೆಶೋಲ್ಡ್. ಅಲ್ಲಿಂದಾಚೆ ಉಸಿರು ಸಾಲದು, ಕಾಲು ಕಲ್ಲು. ಅದಕ್ಕಿಂತ ಒಂಚೂರು ಕೆಳಗಿನ ಸ್ಪೀಡಲ್ಲಿ ಟ್ರೈನಿಂಗ್.

ನನ್ನ ಗೆರೆ ಬಾಗಲಿಲ್ಲ. ಬರೀ ಏರುಪೇರು. ಓಡುವ ಮುಂಚೆ, ನಿಂತಲ್ಲೇ 146.

"ಎಕ್ಸಾಮ್ ಹಾಲಿಗೆ ಬಂದಂಗೆ ಬರ್ತೀಯಲ್ಲ ತಸ್ಲೀಮ್. ಹೆದರಿಕೆ ಅಳೆಯೋ ಬೆಲ್ಟಲ್ಲವ್ವಾ ಇದು," ಸರ್.

ಮುಂದಿನ ವಾರ ಕೊನೇ ಚಾನ್ಸ್. ಅದೂ ಹಾಳಾದರೆ ಯೂನಿವರ್ಸಿಟಿ ಟೀಮಲ್ಲಿ ನಾನಿಲ್ಲ. ಅಬ್ಬಾ ಆಗಲೇ ಮಂಡಿಪೇಟೆ ಅಂಗಡಿಗಳ ತುಂಬ ಮಗಳು ಟೀಮಲ್ಲಿ ಅಂತ ಹೇಳಿಕೊಂಡು ಬಂದಿದ್ದಾರೆ…

ಸೆಪ್ಟೆಂಬರ್ 16, ಮಂಗಳವಾರ

ಮಾಡಬಾರದಿತ್ತು.

ರೂಮ್‌ಮೇಟ್ ಭವ್ಯಾ ನನ್ನ ಪೇಸರ್. ಟೆಸ್ಟಲ್ಲಿ ನನ್ನ ಸ್ಪೀಡ್ ತಪ್ಪದಂತೆ ಪಕ್ಕದಲ್ಲೇ ಓಡುತ್ತಾಳೆ. ಬಾತ್‌ರೂಮಲ್ಲಿ ಎಷ್ಟು ಸಲ ಹಾಕಿದರೂ ಬೆಲ್ಟಿನ ಹುಕ್ ಬೀಳಲಿಲ್ಲ.

"ಕೊಡೇ ಇಲ್ಲಿ. ನಂದು ಎಮ್ಮೆ ಎದೆ, ಯಾವ್ದಕ್ಕೂ ಹೆದ್ರಲ್ಲ."

ತಮಾಷೆ ಅಂದುಕೊಂಡೆ. ಕಟ್ಟಿಕೊಂಡೇ ಬಿಟ್ಟಳು. ನಾನು ಶೂ ಲೇಸ್ ಬಿಗಿದು ಅವಳ ಹಿಂದೆ ಹೊರಟೆ.

ಸರ್ ಮೊಬೈಲಲ್ಲಿ, ನನ್ನ ಹೆಸರಿಗೆ, ಸ್ಕೇಲಿಟ್ಟು ಎಳೆದಂಥ ಗೆರೆ. 178ಕ್ಕೆ ಬಾಗಿತು. ಕೊನೆಯ ರೌಂಡುಗಳಲ್ಲಿ ಅವಳ ಜೊತೆ ಹೇಗೆ ಬಂದೆನೋ, ಕಣ್ಣು ಕತ್ತಲೆ. ಸರ್ ಗ್ರಾಫನ್ನು ಎಲ್ಲರಿಗೂ ತೋರಿಸಿದರು. ನಾನು ಟೀಮಲ್ಲಿ.

ಸೆಪ್ಟೆಂಬರ್ 18, ಗುರುವಾರ

ಥ್ರೆಶೋಲ್ಡ್ ಸೆಷನ್, ಇಪ್ಪತ್ತು ನಿಮಿಷ. ಅರ್ಧಕ್ಕೇ ವಾಂತಿ.

"ಈ ಸ್ಪೀಡ್ ನಿಂಗೆ ಆರಾಮಿರ್ಬೇಕು. ಗ್ರಾಫ್ ಸುಳ್ಳು ಹೇಳಲ್ಲ. ನಿನ್ ಮೈಗೆ ಸೋಮಾರಿತನ," ಸರ್.

ಗ್ರಾಫ್ ಸುಳ್ಳಲ್ಲ, ಸರಿ, ಆದರೆ ಅದು ಭವ್ಯಾಳದು. ಸ್ಪೀಡ್ ಕಡಿಮೆ ಮಾಡಿ ಅಂತ ಯಾವ ಬಾಯಲ್ಲಿ ಕೇಳಲಿ?

ಸೆಪ್ಟೆಂಬರ್ 21, ಭಾನುವಾರ. ಹರಿಹರ

ಮನೆ. ಮೆಟ್ಟಿಲು ಹತ್ತಿದರೆ ತಲೆಸುತ್ತು. ಅಮ್ಮಿ ತಟ್ಟೆ ಮುಂದಿಟ್ಟು ಕೂತರು.

"ಯಾಕ ಬೇಟಾ, ಮುಖ ಹಿಂಗೈತೆ? ಹಾಸ್ಟೆಲ್ನಾಗ ಊಟ ಹಾಕಲ್ವೇನು?"

"ಓಡೋರು ಸಣ್ಣಗೇ ಇರ್ತಾರೆ, ನಿಂಗೇನ್ ಗೊತ್ತೈತೆ," ಅಬ್ಬಾ. ಫೋನಲ್ಲಿ ಮಾಮುಗೆ ಟೀಮಿನ ಸುದ್ದಿ ಹೇಳುತ್ತಿದ್ದರು. ಮೂರನೇ ಸಲ. ನಾನು ಅನ್ನ ಕಲಸುತ್ತಲೇ ಇದ್ದೆ.

ಸೆಪ್ಟೆಂಬರ್ 26, ಶುಕ್ರವಾರ

ಬರೆಯಲಾಗಿರಲಿಲ್ಲ. ಬುಧವಾರ ಟ್ರ್ಯಾಕ್ ಮೇಲೆ ಬಿದ್ದೆ. ಓಆರ್‌ಎಸ್, ಭಾನುವಾರದವರೆಗೆ ರೆಸ್ಟ್. ಸೋಮವಾರದಿಂದ ಮತ್ತೆ ಅದೇ ಸ್ಪೀಡ್ — ನನಗೇ ಭಯ. ಇದು ಎಕ್ಸಾಮ್ ಭಯ ಅಲ್ಲ.

ಸರ್‌ಗೆ ಹೇಳುತ್ತೇನೆ ಅಂತ ಭವ್ಯಾಗೆ ಅಂದೆ.

"ಹೇಳು. ನನ್ ಹೆಸ್ರು ಬ್ಯಾಡ," ಭವ್ಯಾ.

"ಮತ್ತೆ ಯಾರು ಕಟ್ಕೊಂಡಿದ್ರು ಅನ್ಲಿ?"

"ಬೆಲ್ಟೇ ಎದ್ದು ಓಡ್ತು ಅನ್ನು."

ನಕ್ಕಳು. ಆಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು. ಎಂಟುನೂರು ಮೀಟರಿಗೆ ಅವಳೂ ಟೀಮಲ್ಲಿದ್ದಾಳೆ. ನಾನು ಬಾಯಿಬಿಟ್ಟರೆ ಇಬ್ಬರೂ ಹೊರಗೆ.

ಸೆಪ್ಟೆಂಬರ್ 27, ಶನಿವಾರ, ಸಂಜೆ

ಹೇಳಿದೆ. ಆ ಎದೆಬಡಿತ ನನ್ನದಲ್ಲ ಸರ್, ಅಷ್ಟೇ.

ಬೈಯಲಿಲ್ಲ. ಮೊಬೈಲ್ ಮಗುಚಿ ಇಟ್ಟರು. "ಸತ್ತುಗಿತ್ತು ಹೋಗಿದ್ರೆ ನಿಮ್ಮಪ್ಪಂಗೆ ಏನ್ ಹೇಳ್ಬೇಕಿತ್ತು ನಾನು?" ಬೆಲ್ಟ್ ಕೈಗೆತ್ತಿಕೊಂಡರು. "ಯಾರ್ದು ಅದು?"

ನಾನು ಆ ಬೆಲ್ಟನ್ನೇ ನೋಡಿದೆ.

"ನಂದು ಸರ್." ಬಾಗಿಲಲ್ಲಿ ಭವ್ಯಾ. ಯಾವಾಗ ಬಂದಳೋ. "ಇವ್ಳು ಬ್ಯಾಡ ಬ್ಯಾಡ ಅಂತಾನೇ ಇದ್ಲು. ನಾನೇ ಕಿತ್ಕೊಂಡು ಕಟ್ಕೊಂಡೆ."

ಬೇಡ ಅಂದಿರಲಿಲ್ಲ ನಾನು. ಒಂದು ಸಲವೂ.

ಸರ್ ನನ್ನ ಕಡೆ ತಿರುಗಿದರು. "ಹೌದೇನವ್ವಾ?"

ಭವ್ಯಾ ನನ್ನನ್ನು ನೋಡಲೇ ಇಲ್ಲ. ಹೌದು ಅಂದರೆ ಅವಳೊಬ್ಬಳೇ ಹೊರಗೆ. "ಇಲ್ಲ ಸರ್," ಅಂದೆ, "ಬೇಡ ಅಂದಿರಲಿಲ್ಲ ನಾನು."