ಮಾತಿಲ್ಲದೆ ತಟ್ಟಿದ ವಿಭೂತಿ

ಓರಗಿತ್ತಿಯೆಂದು ಊರು ಕರೆದರೂ ನನಗೆ ಅಕ್ಕನೇ ಆದ ವಿಶಾಲಕ್ಕನಿಗೆ, ಬಂಗಾರಮ್ಮನ ಶರಣು.

ಮುರಿದ ಕೈ ಕೂಡಿಕೊಂಡಿತೆಂದು ನಿನ್ನ ಮಗಳು ಫೋನಿನಲ್ಲಿ ಹೇಳಿದಳು. ಕೂಡಿದರೂ ಮುಷ್ಟಿ ಹಿಡಿಯಲು ಆಗುವುದಿಲ್ಲವಂತೆ. ಅದನ್ನು ಕೇಳಿ ಫೋನು ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಸೋಮು ವಿಭೂತಿ ಒತ್ತುವ ಮಿಷನ್ ತರಬೇಕೆನ್ನುತ್ತಿದ್ದಾನೆ. ಕೊಯಮತ್ತೂರಿಗೆ ಹೋಗಿ ನೋಡಿಯೂ ಬಂದ. ಒಂದು ಕಡೆ ಕಲೆಸಿದ ಬೂದಿ ಹಾಕಿದರೆ ಇನ್ನೊಂದು ಕಡೆ ಗಟ್ಟಿಗಳು ಬೀಳುತ್ತವಂತೆ, ಮೂರು ಗೆರೆ ಸಮೇತ. ಹಾಸನೂರಿನ ಅಂಗಡಿಗಳಿಗೂ ತಾಳಮಲೆಯ ಗುಡಿಗೂ ನಾನೊಬ್ಬಳೇ ತಟ್ಟಿ ಪೂರೈಸಲಾರೆ, ಅದು ನಿಜ. "ಅವ್ವ, ಯಾರ್ ಕೈಲಿ ತಟ್ಟಿದ್ದು ಅಂತ ದ್ಯಾವ್ರು ಕೇಳ್ತದಾ?" ಅಂದ. "ದ್ಯಾವ್ರು ಕೇಳಕಿಲ್ಲ ಕಣ್ಲಾ, ನಾನು ಕೇಳ್ತೀನಿ" ಅಂದುಬಿಟ್ಟೆ. ಆಮೇಲೆ ಯೋಚನೆ ಹತ್ತಿತು, ನಾನು ಕೇಳುತ್ತಿರುವುದಾದರೂ ಏನನ್ನು?

ಮಿಂದು ಬಂದು, ಶಿವನನ್ನು ಮನಸ್ಸಿನಲ್ಲೇ ನೆನೆಯುತ್ತ ತಟ್ಟಬೇಕು, ನಡುವೆ ಬಾಯಿಬಿಟ್ಟರೆ ಮತ್ತೆ ಮೀಯಬೇಕು ಎಂದು ಅತ್ತೆ ಹೇಳಿದಾಗ, ಹೊಸ ಸೊಸೆ ನಾನು, ಹೆದರಿಹೋಗಿದ್ದೆ. ಮೊದಲೇ ವಟವಟ ಬಾಯಿ ನನ್ನದು. ನೀನು ಕಣ್ಣಿನಲ್ಲೇ ಎಲ್ಲ ಕಲಿಸಿದೆ. ಬೂದಿ ನೀರಾಯಿತು ಎನ್ನುವುದಕ್ಕೆ ಹುಬ್ಬು, ಸರಿಯಾಯಿತು ಎನ್ನುವುದಕ್ಕೆ ರೆಪ್ಪೆ. ಒಂದು ಸಲ ಕರು ತಟ್ಟುವ ಕೋಣೆಗೆ ನುಗ್ಗಿ, ಹಸಿ ಗಟ್ಟಿಗಳನ್ನು ನೆಕ್ಕಿ, ಮೂತಿಗೆಲ್ಲ ಬಳಿದುಕೊಂಡು ನಿಂತಿತಲ್ಲ? ತಡೆಯಲಾರದೆ ನೀನೇ ಅಂದೆ, "ಏನ್ ಸ್ವಾಮಿಗೋಳೇ, ಪೂಜೆ ಆಯ್ತಾ?" ನಾನು ನಕ್ಕು ಉರುಳಿದೆ. "ಓಗ್ರವ್ವ, ಇಬ್ರೂ ತಣ್ಣೀರೇ ಉಯ್ಕಳಿ" ಎಂದು ಗದರಿದ ಅತ್ತೆಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ಆ ಮಾಗಿಯ ನೀರು ನೆನೆದರೆ ಈಗಲೂ ಬೆನ್ನು ನಡುಗುತ್ತದೆ.

ನನ್ನ ಮೊದಲ ಮಗು ಉಳಿಯದ ವರ್ಷ ನಾನು ಅತ್ತದ್ದೂ ಅಲ್ಲೇ ಕೂತು. ನೀನು ನನ್ನ ಪಾಲಿನ ಬೂದಿಯ ತಟ್ಟೆಯನ್ನು ಮೆಲ್ಲಗೆ ನಿನ್ನ ಕಡೆಗೆ ಎಳೆದುಕೊಂಡೆ. ಸಮಾಧಾನ ಹೇಳಿದವರ ಮಾತೆಲ್ಲ ಮರೆತಿದ್ದೇನೆ, ಅದು ಮರೆತಿಲ್ಲ.

ನಾನು ಕೇಳುತ್ತಿದ್ದದ್ದು ನಿನ್ನನ್ನು, ಅಕ್ಕ. ನೀನು ಮಗಳ ಮನೆಯಿಂದ ವಾಪಸು ಬರುತ್ತೀಯೆಂಬ ಆಸೆಗೇ ಮಿಷನ್ ಬೇಡವೆನ್ನುತ್ತಿದ್ದೆ. ನಿನ್ನ ಕೈಗೆ ಇನ್ನು ಆ ಕೆಲಸ ಕೂಡದು. ಶಿವನಿಗೆ ಕೈಮುಗಿದು, ನಿನ್ನೆ ಸೋಮುಗೆ "ತರ್ಸು ಓಗ್ಲಾ" ಎಂದೆ.

ಕರೆಂಟಿನ ಪ್ಲಗ್ಗು ಕಿಟಕಿಯ ಪಕ್ಕದಲ್ಲಿರುವುದರಿಂದ ಮಿಷನ್ ನನ್ನ ಜಾಗಕ್ಕೇ ಬರುತ್ತದೆ. ಇವತ್ತು ನನ್ನ ಮಣೆ ಎತ್ತಿ ನೀನು ಕೂರುತ್ತಿದ್ದಲ್ಲಿ ಹಾಕಿಕೊಂಡು ಬೂದಿ ಜರಡಿ ಹಿಡಿದೆ. ಅಲ್ಲಿಗೆ ಗಾಳಿ ಬರುವುದಿಲ್ಲ. ಬೆಟ್ಟವೂ ಕಾಣುವುದಿಲ್ಲ. ಕಾಣುವುದು ನಾನು ಕೂತಿದ್ದ ಜಾಗ ಒಂದೇ. ಮೊದಲ ದಿನ ಕಿಟಕಿಯ ಬಳಿ ನನ್ನನ್ನು ಕೂರಿಸಿದವಳು ನೀನು. ಇಷ್ಟು ವರ್ಷವೂ ನಾನು ಬೆಟ್ಟ ನೋಡಿಕೊಂಡೇ ತಟ್ಟಿದೆ.

ಮಾದಪ್ಪ ನಿನಗೆ ನೋವಿಲ್ಲದ ನಿದ್ದೆ ಕೊಡಲಿ.

ನಿನ್ನ ಜಾಗದಲ್ಲಿ ಕೂತಿರುವ
ಬಂಗಾರಮ್ಮ