ತುಟಿಗೆ ಹಚ್ಚಿದ ಮುಲಾಮು

ಜೂನ್ 10, ಮಂಗಳವಾರ
ಐಸಿಯು ಪ್ಲೇಟುಗಳನ್ನು ನೋಡಿ ಮುಗಿಸಿದೆ. ಸೋಮವಾರ ಎಲ್ಲ ರೋಗಿಗಳ ಗಂಟಲು ಒರೆಸಿದ ಹತ್ತಿಯನ್ನು ಲ್ಯಾಬಿಗೆ ಕಳಿಸುತ್ತಾರೆ, ಪ್ಲೇಟಿಗೆ ಹಚ್ಚಿಡುತ್ತೇವೆ. ಮರುದಿನ ಅದರಲ್ಲಿ ಏನು ಬೆಳೆದಿದೆ ಎಂದು ನೋಡುವುದು ನನ್ನ ಕೆಲಸ. ಈ ಸಲ ಅಲ್ಲೇ ಮಲಗಿರುವ ಅಕ್ಕನದೂ ಇತ್ತು... ಸದ್ಯ, ಚೆನ್ನಾಗಿದೆ. ಎಲ್ಲರ ಬಾಯಲ್ಲೂ ಇರುವ ಸಾಧು ಕ್ರಿಮಿಗಳೇ, ಸಂತೆಯ ಹಾಗೆ ಕಲಸುಮೇಲೋಗರ.

ಪಕ್ಕದ ಬೆಡ್ಡಿನ ತಾತನದು ಹಾಗಲ್ಲ. ಪ್ಲೇಟಿನ ತುಂಬ ಒಂದೇ ಜಾತಿ. ಗುಲಾಬಿ ಬಣ್ಣ, ಲೋಳೆ ಲೋಳೆ. ಯಾವ ಆಂಟಿಬಯಾಟಿಕ್ಕಿಗೂ ಜಗ್ಗುವುದಿಲ್ಲ.

ಸಂಜೆ ಭಾವನ ಫೋನು. "ನಿಮ್ಮಕ್ಕನ ತುಟಿ ಒಡೆದುಹೋಗಿದೆ ಕಣಮ್ಮ, ನೋಡಕ್ಕಾಗಲ್ಲ. ಮುಲಾಮು ಹಚ್ತಿದ್ದೀನಿ." ಮನೆಯಲ್ಲಿ ಕುಡಿದ ಲೋಟ ಎತ್ತಿಟ್ಟವರಲ್ಲ ಪುಣ್ಯಾತ್ಮ!

ಜೂನ್ 13
ತಾತ ಹೋಗಿಬಿಟ್ಟರು. ಆ ಗುಲಾಬಿ ಕ್ರಿಮಿ ರಕ್ತಕ್ಕೆ ಇಳಿದಿತ್ತು. ರಕ್ತದ ಬಾಟಲಿ ಇಡುವ ಮೆಷಿನ್ನು ಬೆಳಿಗ್ಗೆಯೇ ಕೂಗಿತ್ತು. ಬಾಟಲಿಯೊಳಗೆ ಕ್ರಿಮಿ ಬೆಳೆದರೆ ಮಾತ್ರ ಕೂಗುತ್ತದೆ ಅದು, ಆ ಬಾಟಲಿಯ ಪಕ್ಕ ದೀಪವೂ ಹತ್ತುತ್ತದೆ.

ಜೂನ್ 17, ಮಂಗಳವಾರ
ಅಕ್ಕನ ಪ್ಲೇಟು. ಗುಲಾಬಿ.

ಮುಚ್ಚಿದೆ. ಮತ್ತೆ ತೆಗೆದೆ. ಹೆಸರು ಓದಿದೆ. ಅಕ್ಕನದೇ.

ಐಸಿಯು ಡಾಕ್ಟರು ಸಮಾಧಾನ ಹೇಳಿದರು. "ಗಂಟಲಲ್ಲಿದ್ರೆ ಕಾಯಿಲೆ ಅಂತಲ್ಲಮ್ಮ. ರಕ್ತಕ್ಕೆ ಇಳೀಬಾರದು, ಅಷ್ಟೆ." ಅಷ್ಟೆಯಂತೆ!

ಸಂಜೆ
ಅಕ್ಕನ ಹತ್ತಿರ ಹೋದೆ. ವೆಂಟಿಲೇಟರ್ ಟ್ಯೂಬಿನ ಪಕ್ಕ ಒಣಗಿದ ತುಟಿ. ಭಾವ ಜೇಬಿನಿಂದ ಡಬ್ಬಿ ತೆಗೆದು ಬೆರಳು ಅದ್ದಿದರು.

"ಇಷ್ಟು ಬೇಗ ಅರ್ಧ ಖಾಲಿಯಾಯ್ತಾ ಭಾವ?"

"ಪಕ್ಕದ ತಾತಂಗೂ ಹಚ್ತಿದ್ನಲ್ಲ. ಪಾಪ, ಅವರ ಮಗಳು ಬರೋದೇ ಲೇಟು. ಮೊದಲು ಅವರಿಗೆ, ಆಮೇಲೆ ಇವಳಿಗೆ."

ಅದೇ ಬೆರಳು, ಅದೇ ಡಬ್ಬಿ! "ಡೇಟ್ ಮುಗಿದಿದೆ" ಎಂದು ಸುಳ್ಳು ಹೇಳಿ ಡಬ್ಬಿ ಕಿತ್ತುಕೊಂಡು ಬಂದೆ. ಒಂದಿಷ್ಟು ತೆಗೆದು ಪ್ಲೇಟಿಗೆ ಹಚ್ಚಿ ಇಟ್ಟಿದ್ದೇನೆ.

ಜೂನ್ 18
ಡಬ್ಬಿಯಲ್ಲೂ ಅದೇ. ಡಾಕ್ಟರಿಗೆ ಹೇಳಿದೆ. ಭಾವನಿಗೆ ಹೇಳುವುದಿಲ್ಲ. ಅಕ್ಕ ಎದ್ದು ಬರಲಿ, ಮೂವರೂ ಕೂತು ನಗುತ್ತಾ ಭಾವನನ್ನು ಬೈಯೋಣ. ಏಳದಿದ್ದರೆ... ಥೂ, ಏನು ಬರೀತಿದ್ದೀನಿ.

ಜೂನ್ 20, ಬೆಳಿಗ್ಗೆ
ಅಕ್ಕನಿಗೆ ನಿನ್ನೆಯಿಂದ ಜ್ವರ. ರಕ್ತ ತೆಗೆದರು. ಅಕ್ಕನ ಬಾಟಲಿಯನ್ನು ನಾನೇ ಮೆಷಿನ್ನಿಗಿಟ್ಟೆ. ಮೇಲಿನ ಸಾಲು, ಎಡತುದಿ. ಹೆದರಿಕೆ. ಲಿಫ್ಟ್ ಸದ್ದಾದರೂ ಮೆಷಿನ್ನಿನ ಹತ್ತಿರ ಓಡುತ್ತೇನೆ.

ಮಧ್ಯಾಹ್ನ
ಇನ್ನೂ ಕೂಗಿಲ್ಲ. ಭಾವ ಲ್ಯಾಬ್ ಬಾಗಿಲಿಗೇ ಬಂದಿದ್ದಾರೆ. ಕೈಯಲ್ಲಿ ಹೊಸ ಡಬ್ಬಿ, ಸೀಲ್ ಕೂಡ ಒಡೆದಿಲ್ಲ.

"ಇದನ್ನ ಬೇರೆ ಯಾರಿಗೂ ಹಚ್ಚಲ್ಲಮ್ಮ. ಇವಳಿಗೆ ಮಾತ್ರ."

ಅಯ್ಯೋ, ಯಾರು ಹೇಳಿದರು ಇವರಿಗೆ? ಮುಖ ನೋಡಲಾಗದೆ ತಲೆ ತಗ್ಗಿಸಿ ಇದನ್ನು ಗೀಚುತ್ತಿದ್ದೇನೆ. ಕೆಲಸ ಮಾಡುತ್ತಿದ್ದೇನೆ ಅಂದುಕೊಳ್ಳಲಿ.

ಮೆಷಿನ್ನು ಕೂಗುತ್ತಿದೆ.

"ಏನಮ್ಮ ಅದು ಸದ್ದು?"

ಬೇರೆಯವರ ಬಾಟಲಿ ಇರಬಹುದು. ಒಳಗೆ ಎಷ್ಟೊಂದು ಇವೆ. ದೀಪ ಹತ್ತಿರುವುದು ಮೇಲಿನ ಸಾಲಿನಲ್ಲಿ. ಎಡ—