ನಗುತ್ತಿರುವ ನಮ್ಮನ್ನು ಕೆಳಗಿಳಿಸಿ

ಹಳ್ಳಿವಾಸ ಪ್ರೋತ್ಸಾಹ ಇಲಾಖೆಯ ನಿರ್ದೇಶಕರಿಗೆ

ಮಾನ್ಯರೇ,

ನಗರದ ದೊಡ್ಡ ವೃತ್ತದಲ್ಲಿ ತಾವು ನಿಲ್ಲಿಸಿರುವ ಜಾಹೀರಾತು ಫಲಕದಲ್ಲಿ ಒಂದು ಸಂಸಾರ ಹಲ್ಲು ಬಿಟ್ಟುಕೊಂಡು ನಗುತ್ತಿದೆ. ಹಿಂದೆ ಹಸಿರು ಹೊಲ, ಮುಂದೆ ಒಂದು ಕರು, ಮೇಲೆ ದಪ್ಪಕ್ಷರದಲ್ಲಿ ‘ನಾವು ಹಳ್ಳಿಗೆ ಬಂದೆವು, ನೆಮ್ಮದಿ ಕಂಡೆವು. ನೀವು?’ ಎಂಬ ಪ್ರಶ್ನೆ. ಆ ಸಂಸಾರ ನಮ್ಮದು. ನಾವು ಹಳ್ಳಿ ಬಿಟ್ಟು ವಾಪಸ್ಸು ಬಂದು ಒಂದು ಮಳೆಗಾಲವೇ ಕಳೆಯಿತು. ಮಳೆಗೆ ಕರುವಿನ ಬಣ್ಣ ಮಾಸಿದೆ, ನಮ್ಮ ನಗು ಮಾತ್ರ ಇನ್ನೂ ಹೊಸದರಂತಿದೆ. ದಯವಿಟ್ಟು ಅದನ್ನು ತೆಗೆಸಿ.

ಇದನ್ನು ಪತ್ರಿಕೆಯಲ್ಲಿ ಬರೆಯುವ ಆಸೆ ನನಗಿರಲಿಲ್ಲ. ಮೊದಲು ತಮ್ಮ ಕಚೇರಿಗೇ ಬಂದೆ. ಮುಂದಿನ ಮೇಜಿನವರು ನನ್ನ ಮುಖ ನೋಡಿದ್ದೇ ಎದ್ದು ನಿಂತು, "ಓ, ನೀವಾ! ಬನ್ನಿ ಬನ್ನಿ. ಹೇಗಿದೆ ಹಳ್ಳಿ?" ಎಂದು ಕುರ್ಚಿ ಹಾಕಿದರು. ನಾವು ವಾಪಸ್ಸು ಬಂದುಬಿಟ್ಟಿದ್ದೇವೆ ಎಂದೆ. "ಅದು ಹೇಗೆ ಸಾಧ್ಯ ಮೇಡಂ? ಫಲಕ ಇನ್ನೂ ಇದೆಯಲ್ಲ?" ಎಂದರು. ಎರಡನೆಯ ಸಲ ಹೋದಾಗ ಅವರು ಏಳಲಿಲ್ಲ, ಕುರ್ಚಿಯೂ ಬರಲಿಲ್ಲ. ಮೂರನೆಯ ಸಲ ಹೋಗುವ ಬದಲು ಇಲ್ಲಿ ಬರೆಯುತ್ತಿದ್ದೇನೆ.

ನಾನು ಪಾರ್ಲರಿನಲ್ಲಿ ಹೆಂಗಸರ ಕೂದಲು ಕತ್ತರಿಸುವವಳು. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. ಮನೆಯಲ್ಲಿ ಅತ್ತೆ, ಹೈಸ್ಕೂಲು ಓದುವ ಮಗಳು. ದೊಡ್ಡ ವೃತ್ತದ ಹತ್ತಿರವೇ, ಎರಡನೇ ಮಹಡಿಯಲ್ಲಿ ಮೂರು ಕೋಣೆ. ಬಿಸಿಲಿಲ್ಲ, ಗಾಳಿ ಅಷ್ಟಕ್ಕಷ್ಟೆ, ಆದರೆ ರಸ್ತೆಗೆ ತೆರೆದ ಒಂದು ಕಿಟಕಿ ಇತ್ತು. ಬೆಳಗ್ಗೆ ಆ ಕಿಟಕಿಯಲ್ಲಿ ಕೂತ ಅತ್ತೆ ರಾತ್ರಿ ಊಟಕ್ಕೆ ಏಳುತ್ತಿದ್ದರು. ಯಾರ ಮನೆಗೆ ಸೋಫಾ ಬಂತು, ಯಾರ ಸೊಸೆ ಮುನಿಸಿಕೊಂಡು ಪೆಟ್ಟಿಗೆ ಹಿಡಿದು ಹೊರಟಳು, ಸಂಜೆ ಯಾರು ಕರೆತಂದರು, ಎಲ್ಲ ಅವರಿಗೆ ಬಾಯಿಪಾಠ.

ಒಂದು ಮಧ್ಯಾಹ್ನ ನನ್ನ ಗಂಡ ತಾವೇ ರಿಪೇರಿ ಮಾಡುತ್ತಿದ್ದ ಲಿಫ್ಟಿನಲ್ಲಿ, ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡರು. ಕರೆಂಟು ಹೋಗಿತ್ತು. ಮೇಲಿನವರು "ಯಾರಾದ್ರೂ ಮೆಕ್ಯಾನಿಕ್‌ನ ಕರೀರಿ" ಅಂತ ಕೂಗುತ್ತಿದ್ದರಂತೆ, ಇವರು ಒಳಗಿಂದ "ನಾನೇ ಕಣ್ರೀ ಮೆಕ್ಯಾನಿಕ್" ಅಂತ ಕೂಗುತ್ತಿದ್ದರಂತೆ. ಸಂಜೆ ಮನೆಗೆ ಬಂದವರು ಬೂಟು ಬಿಚ್ಚದೆ ಕೂತು, "ಸಾಕು ಕಣೇ. ಇನ್ನು ಮೇಲೆ ತಲೆ ಮೇಲೆ ಆಕಾಶ ಇರೋ ಕಡೆ ಕೆಲಸ ಮಾಡ್ತೀನಿ" ಎಂದರು. ಅದೇ ವಾರ ತಮ್ಮ ಯೋಜನೆ ರೇಡಿಯೊದಲ್ಲಿ ಬಂತು: ನಗರ ಬಿಟ್ಟು ಹಳ್ಳಿಗೆ ಹೋಗುವವರಿಗೆ ಕಡಿಮೆ ಬಾಡಿಗೆಯ ಮನೆ, ಹಿತ್ತಿಲು, ಬಾವಿ. ಗಾಯದ ಮೇಲೆ ಉಪ್ಪು ಎನ್ನುತ್ತಾರಲ್ಲ, ತಾವು ಜೇನುತುಪ್ಪ ಸುರಿದಿರಿ. ಅಂಟಿಕೊಂಡಿತು.

ಪರಿಶೀಲನೆಗೆ ತಮ್ಮ ಅಧಿಕಾರಿಯೊಬ್ಬರು ಮನೆಗೆ ಬಂದರು. ನನ್ನ ಗಂಡನನ್ನು ಏನೇನೋ ಕೇಳಿದರು. ನನ್ನ ಕಡೆ ತಿರುಗಿ ಒಂದೇ ಒಂದು ಪ್ರಶ್ನೆ ಕೇಳಿದರು, "ಚಹಾಕ್ಕೆ ಸ್ವಲ್ಪ ಸಕ್ಕರೆ ಹಾಕ್ತೀರಾ?" ಹಾಕಿದೆ. ನಾಲ್ಕು ಜನ ಊರು ಬಿಡಬೇಕಾದಾಗ ಒಬ್ಬರ ಒಪ್ಪಿಗೆ ಸಾಕೆಂದು ತಮಗೆ ಹೇಳಿಕೊಟ್ಟವರು ಯಾರು? ಮಿಕ್ಕ ಮೂವರನ್ನು ತಾವು ಪಾತ್ರೆ ಪಗಡದ ಲೆಕ್ಕಕ್ಕೆ ಸೇರಿಸಿದಿರೋ ಹೇಗೆ? ನಾನಾದರೂ ಬಾಯಿ ಬಿಡಬಹುದಿತ್ತು, ನಿಜ. ಆದರೆ ಅಷ್ಟು ದಿನದ ಮೇಲೆ ಅವರ ಮುಖದಲ್ಲಿ ಗೆಲುವು ಕಂಡಿತ್ತು. ಉರಿಯುವ ದೀಪ ಊದಲು ಮನಸ್ಸಾಗಲಿಲ್ಲ. ಹೊರಟೆವು.

ಹಳ್ಳಿಯ ಮೇಲೆ ನನ್ನ ದೂರಿಲ್ಲ. ಅದು ತನ್ನ ಪಾಡಿಗೆ ತಾನಿತ್ತು, ನಾವೇ ಹೋಗಿ ಅದರ ಮೇಲೆ ಬಿದ್ದೆವು. ಜನ ಒಳ್ಳೆಯವರು. ಮುಂಗೋಣೆಯಲ್ಲಿ ಕನ್ನಡಿ ನಿಲ್ಲಿಸಿ, ತಿರುಗುವ ಕುರ್ಚಿ ಹಾಕಿ ಪಾರ್ಲರ್ ತೆರೆದಾಗ ಊರ ಹೆಂಗಸರೆಲ್ಲ ಬಂದರು. ಕನ್ನಡಿ ಮೆಚ್ಚಿಕೊಂಡರು, ಸರದಿಯಲ್ಲಿ ಕುರ್ಚಿ ಹತ್ತಿ ಒಂದೊಂದು ಸುತ್ತು ತಿರುಗಿದರು, "ಚೆನ್ನಾಗಿದೆ ಕಣವ್ವ" ಎಂದು ಹರಸಿ ಮನೆಗೆ ಹೋದರು. ಕೂದಲಿಗೆ ಕತ್ತರಿ ಹಾಕಿಸುವುದಕ್ಕೆ ಯಾರೂ ಬರಲಿಲ್ಲ. ಕೊನೆಗೆ ಪಕ್ಕದ ಹೊಲದವರು ತಮ್ಮ ಕುರಿ ಹಿಡಿದುಕೊಂಡು ಬಂದರು. "ಕತ್ತರಿ ಅಂದ್ಮೇಲೆ ಕತ್ತರಿ ಅಲ್ವೇನಮ್ಮ?" ಎಂದರು. ಇಲ್ಲವೆನ್ನಲು ಬಾಯಿ ಬರಲಿಲ್ಲ. ಹಣೆಯ ಮೇಲೆ ಮಾತ್ರ ಸ್ವಲ್ಪ ಉದ್ದ ಬಿಟ್ಟೆ, ಅದರ ಮುಖಕ್ಕೆ ಒಪ್ಪುತ್ತಿತ್ತು. ನಗರದಲ್ಲಿ ನನ್ನ ಕುರ್ಚಿಯಲ್ಲಿ ಕೂತವರು ಗಂಡನ ಮೇಲಿನ ಕೋಪ, ಮಗಳ ಮದುವೆ ಚಿಂತೆ, ಎಲ್ಲವನ್ನೂ ಕೂದಲಿನ ಜೊತೆ ಉದುರಿಸಿ ಹಗುರವಾಗಿ ಏಳುತ್ತಿದ್ದರು. ಆ ಮಾತೇ ನನ್ನ ಊಟ ಎಂಬುದು ಉಪವಾಸ ಬಿದ್ದ ಮೇಲೆ ತಿಳಿಯಿತು.

ಅತ್ತೆಗೆ ಅಲ್ಲಿಯೂ ಒಂದು ಕಿಟಕಿ ಸಿಕ್ಕಿತು, ನಗರದ್ದಕ್ಕಿಂತ ದೊಡ್ಡದು. ಎದುರಿಗೆ ಹೊಲ. ಒಂದು ವಾರ ಶ್ರದ್ಧೆಯಿಂದ ನೋಡಿದರು. ಆಮೇಲೆ ಹೊಲಕ್ಕೆ ಬೆನ್ನು ಮಾಡಿ ಕೂತರು. "ಯಾಕತ್ತೆ?" ಎಂದರೆ, "ಮೊನ್ನೆ ತೋರಿಸಿದ್ದನ್ನೇ ಇವತ್ತೂ ತೋರಿಸ್ತಾ ಇದೆ ಕಣೇ" ಎಂದರು.

ಇನ್ನು ಮಗಳು. ಫೋನಿನ ಸಿಗ್ನಲ್ ನೀರಿನ ಟ್ಯಾಂಕಿನ ತುದಿಯಲ್ಲಿ ಮಾತ್ರ ಸಿಗುತ್ತಿತ್ತು. ಏಣಿ ಹತ್ತಿ, ಅಲ್ಲಿಂದ ಗೆಳತಿಯ ಜೊತೆ ಕೂಗಿ ಕೂಗಿ ಗುಟ್ಟು ಮಾತಾಡುತ್ತಿದ್ದಳು. ಅವಳಿಗೆ ಯಾವ ಹುಡುಗನ ಮೇಲೆ ಸಿಟ್ಟು, ಯಾಕೆ ಸಿಟ್ಟು ಎಂಬುದು ನನಗಿಂತ ಮೊದಲು ಕುರಿಯವರಿಗೆ ಗೊತ್ತಾಗುತ್ತಿತ್ತು. "ಮದುವೆ ಆಗೋವರೆಗೂ ಎಲ್ಲಾ ಹುಡುಗ್ರೂ ಹಾಗೇನಮ್ಮ" ಎಂದು ಒಂದು ದಿನ ಕೆಳಗಿನಿಂದಲೇ ಸಮಾಧಾನ ಹೇಳಿದರಂತೆ. ಅಂದು ಇಳಿದು ಬಂದವಳು ಕೋಣೆಯ ಚಿಲಕ ಹಾಕಿಕೊಂಡು ಅತ್ತಳು. ನಾನು ಬಾಗಿಲ ಹೊರಗೆ ನಿಂತು, ನಗಬೇಕೋ ಅಳಬೇಕೋ ತಿಳಿಯದೆ, ಬಾಗಿಲಿನ ಧೂಳು ಒರೆಸಿದೆ.

ಇದರ ನಡುವೆ ಫೋಟೊ ತೆಗೆಸಲು ಖುದ್ದು ತಾವೇ ದಯಮಾಡಿಸಿದಿರಿ. ಕರು ನಮ್ಮದಲ್ಲ. ಹೂವಿನ ಕುಂಡಗಳು ತಮ್ಮ ವಾಹನದಲ್ಲೇ ಬಂದು ತಮ್ಮ ವಾಹನದಲ್ಲೇ ಹೋದವು. ಸಾಲಾಗಿ ನಿಲ್ಲಿಸಿ "ಸಹಜವಾಗಿ ನಗಿ" ಎಂದು ಆಜ್ಞೆ ಮಾಡಿದಿರಿ. ನಕ್ಕೆವು. ನನ್ನ ನಗುವಿಗೆ ಬೇರೆಯೇ ಕಾರಣವಿತ್ತು: ತಮ್ಮ ತಲೆಗೆ ಬಣ್ಣ ಹಚ್ಚಿದವರು ಹಿಂಭಾಗವನ್ನು ಪೂರ್ತಿ ಮರೆತಿದ್ದರು. ಕಸುಬಿನವಳ ಕಣ್ಣು, ಕ್ಷಮಿಸಿ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ದೊಡ್ಡವರು ಹೇಳಿದ್ದು ಬರಿಗಣ್ಣಿಗೆ. ಅದನ್ನು ಫಲಕದ ಮೇಲೆ ಮುದ್ರಿಸಿದರೆ ಎಷ್ಟು ನುಣ್ಣಗಾಗುತ್ತದೆ ಎಂದು ಅವರಿಗೇನು ಗೊತ್ತು?

ಫಲಕ ಎದ್ದ ಮೇಲೆ ಶುರುವಾಯಿತು ಮೆರವಣಿಗೆ. ಅನುಮಾನವಿದ್ದವರಿಗೆಲ್ಲ ತಮ್ಮ ಕಚೇರಿಯವರು "ಅವರನ್ನೇ ಕೇಳಿ" ಎಂದು ನಮ್ಮ ವಿಳಾಸ ಕೊಡುತ್ತಿದ್ದರಂತೆ. ಭಾನುವಾರವಾದರೆ ಸಾಕು, ಕಾರುಗಳಲ್ಲಿ ಸಂಸಾರಗಳು ಬಂದಿಳಿದು ಗೇಟಿನಾಚೆ ನಿಂತು ನಮ್ಮ ನೆಮ್ಮದಿಯನ್ನು ನೋಡುತ್ತಿದ್ದವು. ನಾವು ಒಳಗೆ ಜಗಳ ಅರ್ಧಕ್ಕೆ ಬಿಟ್ಟು, ಹೊರಗೆ ಬಂದು ನೆಮ್ಮದಿಯಾಗಿ ಕೂರುತ್ತಿದ್ದೆವು. ಅವರು ಹೋದ ಮೇಲೆ ಜಗಳ ಬಿಟ್ಟಲ್ಲಿಂದ ಮುಂದುವರಿಯುತ್ತಿತ್ತು. ಸಂಬಳವಿಲ್ಲದ ಇಂಥ ನೌಕರಿಯನ್ನು ತಾವಾದರೂ ಮಾಡುತ್ತಿದ್ದಿರಾ?

ಹಾಗೆ ಬಂದವರಲ್ಲಿ ಬ್ರೆಡ್ ಅಂಗಡಿಯ ಗಂಡ ಹೆಂಡತಿ ಒಂದು ಜೋಡಿ. ಆಕೆ ಮಿಕ್ಕವರಂತೆ ಹೊಲದ ಕಡೆ ನೋಡಲಿಲ್ಲ, ನೇರ ನನ್ನ ಕಣ್ಣು ನೋಡಿದಳು. "ಅಕ್ಕ, ಅಂಗಡಿ ಮಾರಿ ಬರಬೇಕು ಅಂತಿದೀವಿ. ಒಮ್ಮೆ ಮಾರಿದ್ರೆ ಮತ್ತೆ ಸಿಗಲ್ಲ. ನಿಜ ಹೇಳಿ, ಬರಬಹುದಾ?"

"ಗಾಳಿ ತುಂಬಾ ಚೆನ್ನಾಗಿದೆ" ಎಂದು ನಾನು ಪಾಠ ಒಪ್ಪಿಸಲು ಶುರುಮಾಡಿದೆ.

"ಗಾಳಿ ಕುಡಿದ್ರೆ ಹೊಟ್ಟೆ ತುಂಬುತ್ತೇನೇ?" ಒಳಗಿನಿಂದ ಅತ್ತೆಯ ದನಿ. ಹಿಂದೆಯೇ ಅತ್ತೆ ಬಂದರು. "ಬರಬೇಡ ಕಣಮ್ಮ. ಇಲ್ಲಿ ಮನುಷ್ಯರ ಮುಖ ನೋಡಬೇಕಂದ್ರೆ ಯಾರಾದ್ರೂ ಸಾಯಬೇಕು, ಇಲ್ಲ ನಿಮ್ಮಂಥೋರು ಕಾರಲ್ಲಿ ಬರಬೇಕು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಅಜ್ಜಿ ಅತ್ತದ್ದು ನೋಡಿ ಮಗಳೂ ಶುರುಮಾಡಿದಳು. "ನಂಗೂ ಇಲ್ಲಿ ಇರೋಕೆ ಆಗ್ತಿಲ್ಲ. ಅಪ್ಪಂಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ ಅಷ್ಟೆ." ಇಬ್ಬರಿಗೂ ಸಮಾಧಾನ ಹೇಳಲು ಹೋದ ನಾನು ಬಾಯಿ ತೆರೆದರೆ, ಬಂದದ್ದು ಮಾತಲ್ಲ, ಬಿಕ್ಕಳಿಕೆ. ಕುರಿಯ ಕೂದಲು ಕತ್ತರಿಸಿದ್ದನ್ನೂ ಹೇಳಿಕೊಂಡು ಅತ್ತುಬಿಟ್ಟೆ.

ಬಾವಿಯ ಪಂಪು ಬಿಚ್ಚಿಕೊಂಡು ಕೂತಿದ್ದ ನನ್ನ ಗಂಡ ಯಾವಾಗ ಬಂದು ನಿಂತರೋ ಗೊತ್ತಿಲ್ಲ. ಕೈಯೆಲ್ಲ ಗ್ರೀಸು. ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದರು. ಬಟ್ಟೆಯಲ್ಲಿ ಕೈ ಒರೆಸಿಕೊಂಡರು, ಒರೆಸಿದ್ದನ್ನೇ ಮತ್ತೆ ಒರೆಸಿದರು.

"ನನಗೂ ಸಾಕಾಗಿದೆ. ಹೋಗೋಣ" ಎಂದರು.

ಆ ಬ್ರೆಡ್ ಅಂಗಡಿಯಾಕೆಯೇ ಮೆಲ್ಲಗೆ ಗಂಟಲು ಸರಿಮಾಡಿಕೊಂಡು ಕೇಳಿದಳು: "ಹಾಗಾದ್ರೆ ಅಕ್ಕ, ಈ ಮನೆ ಯಾವಾಗ ಖಾಲಿ ಆಗುತ್ತೆ?"

ಮಾನ್ಯರೇ, ಅವರೇ ಈಗ ಆ ಮನೆಯಲ್ಲಿದ್ದಾರೆ. ಮುಂಗೋಣೆಯಲ್ಲಿ ಒಲೆ ಕಟ್ಟಿಸಿ ಬ್ರೆಡ್ ಸುಡುತ್ತಾರೆ, ಸುತ್ತಲ ಊರಿಗೆಲ್ಲ ಹೋಗುತ್ತದೆ. ಗುಂಡುಗುಂಡಾಗಿದ್ದಾರೆ. ಸುಳ್ಳು ಹೇಳಿ ಕರೆಸಿಕೊಂಡ ತಮಗಿಂತ, ಅತ್ತು ನಿಜ ಹೇಳಿದ ನಾವು ಒಳ್ಳೆಯ ಪ್ರಚಾರ ಮಾಡಿದೆವು ಎಂದಾಯಿತಲ್ಲವೇ?

ನಾವು ನಗರಕ್ಕೆ ಬಂದೆವು. ಹಳೆಯ ಮನೆಯಲ್ಲಿ ಬೇರೆಯವರು. ಸಿಕ್ಕಿದ ಹೊಸ ಮನೆಗೂ ರಸ್ತೆಗೆ ತೆರೆದ ಕಿಟಕಿಯಿದೆ, ಆದರೆ ಎದುರಿಗೇ ತಮ್ಮ ಫಲಕ. ಅತ್ತೆಯ ಕಿಟಕಿಯ ತುಂಬ ಅತ್ತೆಯೇ. "ಇವಳೊಬ್ಬಳು ಪಕ್ಕಕ್ಕೆ ಸರಿದ್ರೆ ಬಸ್ ಸ್ಟಾಪ್ ಕಾಣಿಸ್ತಿತ್ತು" ಎಂದು ದಿನವೂ ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ. ಆದರೂ ಕಿಟಕಿ ಬಿಟ್ಟು ಏಳುವುದಿಲ್ಲ. ಮಗಳಿಗೆ ಈಗ ಗುಟ್ಟುಗಳನ್ನು ಪಿಸುಮಾತಿನಲ್ಲಿ ಹೇಳುವ ಸುಖ ಸಿಕ್ಕಿದೆ. ನನಗೆ ಹಳೆಯ ಪಾರ್ಲರಿನಲ್ಲಿ ಬಾಗಿಲ ಪಕ್ಕದ ಕುರ್ಚಿ ಕೊಟ್ಟಿದ್ದಾರೆ. ನನ್ನವರು ಮತ್ತೆ ಲಿಫ್ಟುಗಳಿಗೆ ಹೋದರು.

ಇಷ್ಟಕ್ಕೆ ಮುಗಿದಿದ್ದರೆ ಫಲಕ ತೆಗೆಸಿ ಎಂದು ಒಂದು ಸಾಲು ಬರೆದು ಸುಮ್ಮನಿರುತ್ತಿದ್ದೆ. ಆದರೆ ಬ್ರೆಡ್ ಅಂಗಡಿಯವರ ಪಂಪು ಕೆಟ್ಟಿತು. ಒಂದು ಭಾನುವಾರ ನನ್ನ ಗಂಡ ಹೋಗಿ ಸರಿಮಾಡಿ ಬಂದರು. ಮುಂದಿನ ವಾರ ಅವರ ಗೇಟು, ಅದರ ಮುಂದಿನ ವಾರ ಯಾರದೋ ಮಾಡಿನ ಹೆಂಚು. ಆ ಊರಲ್ಲಿ ಭಾನುವಾರಗಳಂದೇ ಇಷ್ಟೊಂದು ವಸ್ತುಗಳು ಯಾಕೆ ಕೆಡುತ್ತವೆ ಎಂದು ನನಗೆ ಅನುಮಾನ ಬಂತು. ಅದಕ್ಕಿಂತ ಹೆಚ್ಚಾಗಿ, ಸಂಜೆ ಇವರು ಶಿಳ್ಳೆ ಹಾಕುತ್ತ ಮೆಟ್ಟಿಲು ಹತ್ತುತ್ತಿದ್ದರು. ಸೋಮವಾರ ಆ ಶಿಳ್ಳೆ ಇರುತ್ತಿರಲಿಲ್ಲ.

ಮೊನ್ನೆ ಮಹಡಿಯ ಮೇಲೆ ಬಟ್ಟೆ ಒಣಹಾಕುವಾಗ ಇವರು ಒದ್ದೆ ಹೊದಿಕೆಯ ಆ ತುದಿ ಹಿಡಿದಿದ್ದರು, ನಾನು ಈ ತುದಿ. ನಡುವೆ ಬಟ್ಟೆ ಇದ್ದುದರಿಂದ ಮುಖ ಕಾಣುತ್ತಿರಲಿಲ್ಲ. ಕೇಳುವುದಕ್ಕೆ ಅದೇ ಅನುಕೂಲವಾಯಿತು.

"ರೀ, ನಿಜ ಹೇಳಿ. ನಿಮಗೆ ಅಲ್ಲಿ ಇಷ್ಟ ಇತ್ತಾ?"

ಅವರು ತಮ್ಮ ತುದಿಯನ್ನು ಒಮ್ಮೆ ಕೊಡವಿದರು. ಆಮೇಲೆ ಬಟ್ಟೆಯ ಆಚೆಯಿಂದ, "ಇತ್ತು" ಎಂದರು.

"ಮತ್ತೆ ಅವತ್ತು ಸಾಕಾಗಿದೆ ಅಂದ್ರಿ?"

"ಮೂರು ಜನ ಅಳ್ತಾ ನಿಂತಿದ್ರಿ ಕಣೇ. ನಾಲ್ಕನೆಯವನು ಇಷ್ಟ ಅಂತ ಹೇಳೋದು ಹೇಗೆ?"

ನಾನು ನನ್ನ ತುದಿಯಿಂದ ಹೊದಿಕೆ ಹಿಂಡಿದ್ದೇ ಹಿಂಡಿದ್ದು. "ಸಾಕು ಬಿಡೇ, ಹರಿದು ಹೋಗುತ್ತೆ" ಎಂದು ಅವರೇ ನಕ್ಕರು.

ಹೋಗುವಾಗ ನಾವು ಮೂವರು ಅವರ ಮುಖ ನೋಡಿ ಸುಮ್ಮನಿದ್ದೆವು. ಬರುವಾಗ ಅವರು ನಮ್ಮ ಮುಖ ನೋಡಿ ಸುಮ್ಮನಾದರು. ಒಂದೇ ಸೂರಿನಡಿ ಇದ್ದವರು ಇಷ್ಟು ಪ್ರೀತಿಯಿಂದ ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡದ್ದಕ್ಕೆ ತಮ್ಮನ್ನು ದೂರುವುದು ನ್ಯಾಯವಲ್ಲ, ಗೊತ್ತು. ಆದರೂ ಅಂದು ತಮ್ಮ ಅಧಿಕಾರಿ ಸಕ್ಕರೆಯ ಬದಲು ಇನ್ನೇನಾದರೂ ಕೇಳಿದ್ದರೆ? ಹೊರಗಿನವರು ಕೇಳಿದರೆ ಮನೆಯವರೂ ಒಂದೊಂದು ಸಲ ನಿಜ ಹೇಳುತ್ತಾರೆ. ನನ್ನ ಕುರ್ಚಿಯಲ್ಲಿ ದಿನವೂ ನೋಡುತ್ತೇನೆ.

ಆದ್ದರಿಂದ ನನ್ನ ಬೇಡಿಕೆ. ಫಲಕವನ್ನು ಈ ವಾರವೇ ಇಳಿಸಿ. ಇನ್ನು ಮುಂದೆ ಯಾವ ಮನೆಗೆ ಅಧಿಕಾರಿಯನ್ನು ಕಳಿಸಿದರೂ ಅಲ್ಲಿರುವ ಪ್ರತಿಯೊಬ್ಬರನ್ನೂ, ಮಕ್ಕಳು ಮುದುಕರನ್ನೂ ಸೇರಿಸಿ, ಬೇರೆ ಬೇರೆ ಕೂರಿಸಿ ಕೇಳಲು ಹೇಳಿ. ಕೊನೆಯದು: ಆ ಹಳ್ಳಿಗೆ ಭಾನುವಾರ ಬಸ್ಸಿಲ್ಲ. ನನ್ನ ಗಂಡ ಕೋಸಿನ ಮೂಟೆಗಳ ನಡುವೆ ಕೂತು ತರಕಾರಿ ವ್ಯಾನಿನಲ್ಲಿ ಹೋಗಿ ಬರುತ್ತಿದ್ದಾರೆ. ವಾರಕ್ಕೊಂದು ದಿನವಾದರೂ ಅವರು ಶಿಳ್ಳೆ ಹಾಕಲಿ ಎಂದು ನನಗಾಸೆ. ಬೆಳಗ್ಗೆ ಒಂದು, ಸಂಜೆ ಒಂದು ಬಸ್ಸು ಬಿಡಿಸಿ. ಬಸ್ಸು ನಮ್ಮ ಇಲಾಖೆಗೆ ಸೇರಿದ್ದಲ್ಲ ಎನ್ನುತ್ತೀರಿ. ನಮ್ಮ ಸಂಸಾರವೂ ಸೇರಿರಲಿಲ್ಲ, ಸ್ವಾಮಿ. ಕೈ ಹಾಕಲಿಲ್ಲವೇ?

ಇಂತಿ,
ತಮ್ಮ ಫಲಕದಲ್ಲಿ ಎಡದಿಂದ ಎರಡನೆಯವಳು